ಹೂವಿನ ಬಾವಿ

‘ಪೋಲಾಗುವ ನೀರು’ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಟಿ.ವಿ.ಯಲ್ಲಿ ಯಾರಾದರೂ ನೀರಾವರಿಯ ಬಗ್ಗೆ ಮಾತಾಡುತ್ತ, ಕಾಲುವೆಯ ಅರ್ಧ ನೀರು ಮಣ್ಣುಪಾಲಾಗುತ್ತದೆ ಎಂದು ಕೈಯಾಡಿಸಿ ಹೇಳಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಅವರು ಹೇಳುವುದು ಸುಳ್ಳಲ್ಲ. ನನ್ನ ಅಪ್ಪ ಕೂಡ ಅದನ್ನೇ ಹೇಳುತ್ತಿದ್ದರು, ಅಪ್ಪನ ಮಾತು ಸರಿಯೂ ಆಗಿತ್ತು. ಆ ಸರಿಯಾದ ಮಾತಿನಿಂದ ನಮ್ಮ ಮನೆಗೆ ಏನಾಯಿತು ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದೆ.

ನಮ್ಮೂರು ಕಾಪುವಿನಿಂದ ಉಡುಪಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಒಂದು ಬದಿಗೆ ಗದ್ದೆ ಬೈಲು, ಇನ್ನೊಂದು ಬದಿಗೆ ಹೊಳೆ. ಹೊಳೆಗೆ ಸಮುದ್ರದ ಸಹವಾಸ. ಮಳೆಗಾಲದಲ್ಲಿ ಸಿಹಿಯಾಗಿದ್ದದ್ದು ಬೇಸಿಗೆಯಲ್ಲಿ ಉಬ್ಬರ ಬಂದಾಗಲೆಲ್ಲ ಉಪ್ಪಾಗುತ್ತದೆ. ಹಾಗಾಗಿ ಬೈಲಿಗೆ ನೀರು ಬರಬೇಕಾದದ್ದು ಕಾರ್ಕಳದ ಕಡೆಯ ಗುಡ್ಡಗಳಿಂದ ಇಳಿದು ಬರುವ ತೋಡಿನಿಂದ. ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಅಲ್ಲಿ ನಿಂತ ನೀರು ಒಂದು ಮಣ್ಣಿನ ಕಾಲುವೆಯಲ್ಲಿ ಹರಿದು ಸುಗ್ಗಿ ಬೆಳೆಗೂ, ಅದು ಮುಗಿದ ಮೇಲೆ ಬೇಸಿಗೆಯ ಕೊಳಕೆ ಬೆಳೆಗೂ ಸಿಗಬೇಕು. ಮೇಲಿನ ಗದ್ದೆಗಳಿಗೆ ಸಿಗುತ್ತಿತ್ತು. ಕೊನೆಯ ಗದ್ದೆಗಳ ಹತ್ತಿರ ಕಾಲುವೆಯ ತಳ ಒದ್ದೆಯಾಗಿರುತ್ತಿತ್ತು, ಅಷ್ಟೇ.

ಆ ಕೊನೆಯ ಗದ್ದೆಗಳಲ್ಲಿ ದೊಡ್ಡದು ಒಬ್ಬ ಬ್ಯಾರಿ ಮುಸ್ಲಿಂ ಮುದುಕರದ್ದು. ಊರಿಗೆಲ್ಲ ಅವರು ಕಾಕ. ಹೆದ್ದಾರಿಯ ಬದಿಯಲ್ಲಿ ಅವರಿಗೊಂದು ಜೀನಸಿನ ಅಂಗಡಿ ಇತ್ತು, ಆದರೆ ಜೀವವೆಲ್ಲ ಗದ್ದೆಯಲ್ಲಿ. ಪ್ರತಿ ವರ್ಷ ಕೊಳಕೆ ಬಿತ್ತುತ್ತಿದ್ದರು, ಪ್ರತಿ ವರ್ಷ ಅದು ಕದಿರು ಬಿಡುವ ಹೊತ್ತಿಗೆ ಒಣಗುತ್ತಿತ್ತು. “ಎಂತ ಕಾಕ, ಈ ಸಲವೂ ಹುಲ್ಲು ಬೆಳೆಸಿದ್ದಾ?” ಎಂದು ಜನ ತಮಾಷೆ ಮಾಡಿದರೆ, “ದನಗಳಿಗೂ ಹೊಟ್ಟೆ ಉಂಟಲ್ವಾ ಮಾರಾಯ” ಎಂದು ನಗುತ್ತಿದ್ದರು.

ಅಪ್ಪನಿಗೆ ಆ ನಗು ನೋಡಲು ಆಗುತ್ತಿರಲಿಲ್ಲ. ಅಪ್ಪ ಹರೆಯದಲ್ಲಿ ಬೊಂಬಾಯಿಯ ಒಂದು ಚಾಳಿನಲ್ಲಿದ್ದವರು. ಅಲ್ಲಿ ಬೆಳಗ್ಗೆ ನಲ್ಲಿಯ ಮುಂದೆ ಬಾಲ್ದಿ ಹಿಡಿದು ನಿಂತ ಮೇಲೆ ಅವರಿಗೆ ನೀರು ಎಂದರೆ ಒಂದು ತರದ ಹುಚ್ಚು ಹತ್ತಿತು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ದನಕ್ಕೆ, ಮುಖ ತೊಳೆದ ನೀರು ಬಸಳೆಗೆ. ಅಮ್ಮ ಒಂದು ಚೆಂಬು ಹೆಚ್ಚು ಚೆಲ್ಲಿದರೆ ಗಂಡಹೆಂಡಿರಿಗೆ ಜಗಳ. ಕಾಲುವೆಯ ದಂಡೆಯಲ್ಲಿ ತೂತು ಕೊರೆಯುವ ಏಡಿಗಳ ಮೇಲಂತೂ ಅಪ್ಪನಿಗೆ ಅಂತಿಂಥ ದ್ವೇಷವಲ್ಲ. ತೂತಿಗೆ ಕೈ ಹಾಕಿ ಕಚ್ಚಿಸಿಕೊಂಡು ಬಂದು, ಮಧ್ಯಾಹ್ನದ ಊಟಕ್ಕೆ ಅದೇ ಏಡಿಯ ಸಾರು ಮಾಡಿಸಿ ಸೇಡು ತೀರಿಸಿಕೊಳ್ಳುತ್ತಿದ್ದರು. ಊರಿನವರು ಸೇರಿ ನೀರಿನ ಸಮಿತಿ ಮಾಡಿದಾಗ ಅದರ ಮುಂದಾಳಾಗಿ ಬೇರೆ ಯಾರ ಹೆಸರೂ ಬರಲಿಲ್ಲ.

ಇನ್ನು ಆಕಯ್. ನಾವು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಅಪ್ಪನ ಅಕ್ಕನನ್ನು ಆಕಯ್ ಎನ್ನುತ್ತೇವೆ. ಅವಳು ಚಿಕ್ಕಂದಿನಲ್ಲೇ ಸಿಸ್ಟರ್ ಆಗುತ್ತೇನೆಂದು ಕಾನ್ವೆಂಟಿಗೆ ಹೋದವಳು. ಕೊನೆಯ ವ್ರತ ತೆಗೆದುಕೊಳ್ಳುವ ಮೊದಲೇ ಶ್ವಾಸಕೋಶದ ಕಾಯಿಲೆ ಬಂತು, ಮನೆಗೆ ಕಳುಹಿಸಿದರು. ಮದುವೆಯಾಗಿ ಗಂಡನನ್ನು ಬಿಟ್ಟು ಬಂದರೆ ಜನ ಒಂದು ಮಾತು ಆಡಿ ಸುಮ್ಮನಾಗುತ್ತಾರೆ. ಕಾನ್ವೆಂಟಿನಿಂದ ಹಿಂದೆ ಬಂದವಳ ಬಗ್ಗೆ ಮಾತು ಮುಗಿಯುವುದೇ ಇಲ್ಲ. ಇಗರ್ಜಿಯಲ್ಲಿ ಅವಳ ಪಕ್ಕದ ಜಾಗ ಎಷ್ಟೋ ಭಾನುವಾರ ಖಾಲಿ ಇರುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಅಪ್ಪ ಅಕ್ಕನನ್ನು ಒಂದು ಮಾತು ಅಂದವರಲ್ಲ. ಅಮ್ಮನೂ ಒಳ್ಳೆಯವಳೇ. ಆದರೂ ಆಕಯ್‌ಗೆ ತಮ್ಮನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಮನೆಗೆ ಬಂದ ಮೊದಲ ತಿಂಗಳು ತಟ್ಟೆಯ ಮುಂದೆ ಕೂತು ಸುಮ್ಮನೆ ಬೆರಳಾಡಿಸುತ್ತಿದ್ದಳು ಎಂದು ಅಮ್ಮ ಹೇಳುತ್ತಿದ್ದಳು. ಕೊನೆಗೆ ಕಾಲುವೆಗೂ ಹೊಳೆಗೂ ನಡುವೆ ಇದ್ದ ನಮ್ಮ ಮರಳು ಜಾಗವನ್ನು ತೋರಿಸಿ, “ಬಾಬ್, ಅಲ್ಲಿ ನಾನು ಮಲ್ಲಿಗೆ ಹಾಕಲಾ?” ಎಂದು ಕೇಳಿದಳು. ಚಿಕ್ಕವನೆಂಬ ಪ್ರೀತಿಗೆ ಅಪ್ಪನನ್ನು ಅವಳು ಕೊನೆಯವರೆಗೂ ಬಾಬ್ ಎಂದೇ ಕರೆದಳು. ಅಪ್ಪ ಒಂದು ಬಾವಿ ತೋಡಿಸಿಕೊಟ್ಟರು. ಸ್ವಲ್ಪ ಅಗೆಯುವಷ್ಟರಲ್ಲಿ ನೀರು ಸಿಕ್ಕಿತು. ಬಾಯಿಗೆ ಹಾಕಿದರೆ ಎಳನೀರಿನ ಹಾಗೆ ಇತ್ತಂತೆ.

ನಾನು ಕಣ್ಣು ಬಿಟ್ಟಾಗ ಅದು ದೊಡ್ಡ ತೋಟವಾಗಿತ್ತು. ಮಲ್ಲಿಗೆಯ ಕೆಲಸದಲ್ಲಿ ರಜೆ ಇಲ್ಲ. ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ಯಬೇಕು, ಬಿಸಿಲೇರುವ ಮೊದಲು ಬಾಳೆನಾರಿನಲ್ಲಿ ಕಟ್ಟಬೇಕು, ಬಾಳೆಲೆಯಲ್ಲಿ ಸುತ್ತಿ ಉಡುಪಿಗೆ ಹೋಗುವ ಬಸ್ಸಿಗೆ ಕೊಡಬೇಕು. ನಾನೂ ಶಾಲೆಗೆ ಹೋಗುವ ಮೊದಲು ಕೊಯ್ಯುತ್ತಿದ್ದೆ. ಆಕಯ್‌ಯ ಬೆರಳು ನಾರಿನ ಮೇಲೆ ಓಡುವುದನ್ನು ನೋಡಿದರೆ ಅವಳಿಗೆ ಕಾಯಿಲೆ ಇತ್ತೆಂದು ಯಾರೂ ನಂಬುತ್ತಿರಲಿಲ್ಲ. ಊಟಕ್ಕೆ ಕೂತರೆ ಎರಡನೇ ಸಲ ಸಾರು ಕೇಳುವ ಧೈರ್ಯ ಅವಳಿಗೆ ಆ ತೋಟದಿಂದ ಬಂದದ್ದು. ನನ್ನ ಫ್ರಾಕು, ನನ್ನ ತಮ್ಮನ ಚಪ್ಪಲಿ, ಇಗರ್ಜಿಯ ಮೇಣದ ಬತ್ತಿ ಎಲ್ಲವನ್ನೂ ತಾನೇ ತರುತ್ತಿದ್ದಳು. ತಂದು ಮೇಜಿನ ಮೇಲೆ ಇಡುವಾಗ ಅವಳ ಮುಖ ನೋಡಬೇಕಿತ್ತು.

ಅವಳಿಗೆ ಒಂದು ಕಟ್ಟುನಿಟ್ಟು ಇತ್ತು. ನಮ್ಮ ಹೂವು ಹೋಗುತ್ತಿದ್ದುದು ದೇವಸ್ಥಾನಗಳಿಗೆ, ಭೂತಸ್ಥಾನಗಳಿಗೆ, ಮದುಮಕ್ಕಳ ತಲೆಗೆ. ನಾವೋ ಮೂರು ಹೊತ್ತೂ ಮೀನು ತಿನ್ನುವವರು. ಹಾಗಾಗಿ ಮೊಗ್ಗು ಮುಟ್ಟುವ ಮೊದಲು ಸ್ನಾನ ಆಗಬೇಕು, ಮೂಸಿ ನೋಡಬಾರದು. ಆ ಬಾವಿಯಂತೂ ಹೂವಿಗೆ ಮಾತ್ರ. ಅದರ ನೀರು ಯಾರೂ ಕುಡಿಯಬಾರದು, ಬಾಯಿ ಮುಕ್ಕಳಿಸಬಾರದು, ಅದರ ಕೊಡಪಾನವನ್ನು ಎಂಜಲು ಕೈಯಲ್ಲಿ ಮುಟ್ಟಬಾರದು. ಕುಡಿಯಲು ಮನೆಯ ಮೇಲಿನ ಬಾವಿ ಉಂಟಲ್ಲ! “ಅವರ ದೇವರಿಗೆ ಹೋಗುವ ಹೂ. ನಮ್ಮ ಎಂಜಲು ಕುಡಿದು ಬೆಳೆದದ್ದು ಎಂದು ಆಗಬಾರದು” ಎನ್ನುತ್ತಿದ್ದಳು. ಯಾವ ಅರ್ಚಕರೂ ಬಂದು ಪರೀಕ್ಷೆ ಮಾಡಿದ್ದಿಲ್ಲ. ಬೇರೆ ಯಾರೂ ಹೇಳದ ನಿಯಮವನ್ನು ಅವಳು ಕಾನ್ವೆಂಟಿನ ನಿಯಮದಷ್ಟೇ ಭಕ್ತಿಯಿಂದ ಪಾಲಿಸಿದಳು. ಸೆಕೆಗೆ ಗಂಟಲು ಒಣಗಿ ನಾನು ಒಮ್ಮೆ ಬೊಗಸೆಯೊಡ್ಡಿದ್ದಕ್ಕೆ ಕೈಮೇಲೆ ಪಟ್ಟನೆ ಒಂದು ಬಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪನ ಕನಸು ಕೈಗೂಡಿತು. ಸರಕಾರದಿಂದ ಸ್ವಲ್ಪ ಸಹಾಯ, ಉಳಿದದ್ದು ಊರವರ ಕೈದುಡಿಮೆ. ಮಣ್ಣಿನ ಕಾಲುವೆಯ ಎರಡು ಬದಿಗೂ ಕೆಂಪುಕಲ್ಲು ಕಟ್ಟಿ, ತಳಕ್ಕೂ ಗೋಡೆಗೂ ಸಿಮೆಂಟು ಬಳಿಯುವುದು. ಆ ಬೇಸಿಗೆ ಇಡೀ ಊರು ಕಾಲುವೆಯಲ್ಲೇ ಇತ್ತು. ಕಲ್ಲು ಹೊರುವವರಿಗೆ ಗಂಜಿ, ಚಟ್ನಿ ಮಾಡಿ ಬಡಿಸಿದ್ದು ಆಕಯ್. ಕಾಕ ಅಂಗಡಿ ಮುಚ್ಚಿ ಬಂದು ಮರಳು ಹೊತ್ತರು. “ಪೊರ್ಬುಗಳೇ, ನೀರು ಬಾರದಿದ್ದರೆ ನಿಮ್ಮನ್ನೇ ಗದ್ದೆಯಲ್ಲಿ ನೆಡುತ್ತೇನೆ” ಎಂದು ಅಪ್ಪನನ್ನು ಹೆದರಿಸುತ್ತಿದ್ದರು. ನಮ್ಮ ಗಂಡಸರನ್ನು ಊರಿನ ಉಳಿದವರು ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು.

ಮಳೆ ಮುಗಿದು, ಕಟ್ಟ ಕಟ್ಟಿ, ಹೊಸ ಕಾಲುವೆಗೆ ನೀರು ಬಿಟ್ಟ ದಿನ ನಾವೆಲ್ಲ ನೀರಿನ ಜೊತೆಗೇ ಓಡಿದೆವು. ಎಲ್ಲೂ ನಿಲ್ಲಲಿಲ್ಲ ಅದು. ಕೊನೆಯ ಗದ್ದೆಗೆ ಬಂದು ಧುಮುಕಿದಾಗ ಕಾಕ ಪಂಚೆ ಎತ್ತಿ ಕಟ್ಟದೆ ಹಾಗೇ ಕೆಸರಿಗಿಳಿದು ನಿಂತುಬಿಟ್ಟರು. ಅಳುತ್ತಿದ್ದರು. ಅಪ್ಪ ಅವರ ಹೆಗಲಿಗೆ ಕೈ ಹಾಕಿ ಅತ್ತರು. ಆಕಯ್ ಸೆರಗಿನಲ್ಲಿ ತಂದ ಬೆಲ್ಲವನ್ನು ಎಲ್ಲರಿಗೂ ಹಂಚಿದಳು. ಅಷ್ಟು ಸಂತೋಷವಾಗಿ ನಮ್ಮೂರನ್ನು ನಾನು ಮತ್ತೆ ನೋಡಲಿಲ್ಲ.

ಆ ವರ್ಷ ಬೇಸಿಗೆ ಹತ್ತಿದಾಗ ಮಲ್ಲಿಗೆಯ ಎಲೆಗಳ ಅಂಚು ಕಂದು ಬಣ್ಣವಾಗತೊಡಗಿತು. ಆಕಯ್ ಬಿಸಿಲಿಗೆ ಎಂದುಕೊಂಡಳು. ದಿನಕ್ಕೆ ಒಂದು ಸಲ ಹಾಕುತ್ತಿದ್ದ ನೀರನ್ನು ಎರಡು ಸಲ ಹಾಕಿದಳು. ಮೊಗ್ಗು ಸಣ್ಣದಾಯಿತು. ಬುಡಕ್ಕೆ ಹಿಂಡಿ ನೆನೆಸಿ ಹಾಕಿದಳು, ಇನ್ನೂ ನೀರು ಹಾಕಿದಳು. ಎಲೆ ಉದುರತೊಡಗಿತು. ಗಿಡಕ್ಕೆ ದೃಷ್ಟಿ ತಾಗಿದೆ ಎಂದು ಅಮ್ಮ ಹೇಳಿದ್ದಕ್ಕೆ ಪಾದ್ರಿಗಳನ್ನು ಕರೆಸಿ ತೀರ್ಥ ಚಿಮುಕಿಸಿದ್ದೂ ಆಯಿತು. ಅವಳು ಕೊಡಪಾನ ಹೊತ್ತು ಹೊತ್ತು ಸೊಂಟ ನೋಯಿಸಿಕೊಂಡಳು, ಕೆಮ್ಮು ಮತ್ತೆ ಶುರುವಾಯಿತು. “ಯಾಕೆ ಮಗಾ, ನಾನು ಎಂತ ಕಡಿಮೆ ಮಾಡಿದೆ ಇವಕ್ಕೆ?” ಎಂದು ಗಿಡದ ಬುಡದಲ್ಲಿ ಕೂತು ನನ್ನನ್ನು ಕೇಳಿದಳು. ನನಗಾಗ ಹದಿನಾಲ್ಕೋ ಹದಿನೈದೋ.

ಗೊತ್ತಾದದ್ದು ಒಂದು ಕರುವಿನಿಂದ. ನಮ್ಮ ಹಟ್ಟಿಯ ಕರು ಹಗ್ಗ ಬಿಚ್ಚಿಕೊಂಡು ತೋಟಕ್ಕೆ ನುಗ್ಗಿತ್ತು. ಅಪ್ಪ ಕೋಲು ಹಿಡಿದು ಓಡಿದರು, ನಾನು ಹಿಂದಿನಿಂದ. ಕರು ಒಂದು ಎಲೆಗೂ ಬಾಯಿ ಹಾಕಿರಲಿಲ್ಲ. ಗಿಡದ ಬುಡದ ಮಣ್ಣನ್ನು ನೆಕ್ಕುತ್ತಿತ್ತು. ಒಂದು ಬುಡ ಬಿಟ್ಟು ಇನ್ನೊಂದಕ್ಕೆ ಹೋಗಿ, ಅದನ್ನೂ ಆಸೆಯಿಂದ ನೆಕ್ಕುತ್ತಿತ್ತು. ಅಪ್ಪ ಕೋಲು ಕೆಳಗೆ ಹಾಕಿದರು. ಬಾವಿಯ ಹತ್ತಿರ ಹೋಗಿ, ಯಾರೂ ಬಾಯಿಗೆ ಹಾಕಬಾರದ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿದರು. ಉಗುಳಿದರು. ಮತ್ತೆ ಒಂದು ಸಲ ಹಾಕಿ ನೋಡಿದರು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು.

ನೀರು ಉಪ್ಪಾಗಿತ್ತು.

ಅಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ವರ್ಷ ಏಡಿಯ ತೂತಿನಿಂದ, ಮಣ್ಣಿನ ತಳದಿಂದ ಸೋರಿ ಹೋಗುತ್ತಿದ್ದ ನೀರು ಎಲ್ಲಿಗೂ ಹಾಳಾಗಿ ಹೋಗಿರಲಿಲ್ಲ. ಮರಳಿನ ಒಳಗೆ ಇಳಿದು, ಹೊಳೆಯ ಉಪ್ಪನ್ನು ಆಚೆಗೆ ತಳ್ಳಿಕೊಂಡು, ಆಕಯ್‌ಯ ಬಾವಿಯಲ್ಲಿ ಸಿಹಿಯಾಗಿ ನಿಂತಿತ್ತು. ಸಿಮೆಂಟು ಬಿದ್ದ ಮೇಲೆ ಆ ನೀರು ನಿಂತಿತು, ಹೊಳೆ ಒಳಗೆ ಬಂತು. ಯಾರಾದರೂ ಒಂದು ಗುಟುಕು ಕುಡಿದಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಯಾರೂ ಕುಡಿಯಲಿಲ್ಲ. ಅವಳೇ ಕುಡಿಯಗೊಡಲಿಲ್ಲ. ತನ್ನ ಗಿಡಗಳಿಗೆ ತಾನೇ ಕೊಡಪಾನಗಟ್ಟಲೆ ಉಪ್ಪು ಹೊತ್ತು ಹಾಕಿದಳು, ಬಾಡಿದಷ್ಟೂ ಹೆಚ್ಚು ಹಾಕಿದಳು. ದೇವರ ಹೂವೆಂದು ಇಷ್ಟು ಮಡಿ ಮಾಡಿದವಳಿಗೆ ಯಾವ ದೇವರಾದರೂ ಒಂದು ಸೂಚನೆ ಕೊಡಬಾರದಿತ್ತಾ?

ಅಪ್ಪ ಹಟ್ಟಿಗೆ ಹೋಗಿ ಪಿಕ್ಕಾಸು ತಂದರು. ನೇರ ಕಾಲುವೆಗಿಳಿದು, ತೋಟದ ಎದುರಿನ ಗೋಡೆಗೆ ಏಟು ಹಾಕತೊಡಗಿದರು. ಸಿಮೆಂಟಿನ ಚೂರು ಹಾರಿ ಅವರ ಹಣೆಗೆ ಬಡಿಯಿತು, ರಕ್ತ ಬಂತು, ನಿಲ್ಲಿಸಲಿಲ್ಲ. ಅಮ್ಮ ಕೂಗಿಕೊಂಡಳು. ಆಕಯ್ ಬಂದು ನೋಡಿದಳು, ಏನೆಂದು ಕೇಳಿದಳು, ಅಪ್ಪ ಏದುಸಿರು ಬಿಡುತ್ತ ಹೇಳಿದರು. ಅವಳು ಬಾವಿಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಕಾಲುವೆಗಿಳಿದು, ಅಪ್ಪ ಒಡೆಯುತ್ತಿದ್ದ ಜಾಗಕ್ಕೆ ಬೆನ್ನು ಕೊಟ್ಟು ನೀರಿನಲ್ಲೇ ಕೂತಳು.

“ಏಳು ಬಾಯ್” ಎಂದರು ಅಪ್ಪ. ಅವರು ಅಕ್ಕನನ್ನು ಹಾಗೆ ಕರೆಯುತ್ತಿದ್ದುದು.

“ಕೆಳಗೆ ಕೊಳಕೆ ಕದಿರು ಬಿಟ್ಟಿದೆ. ಈಗ ಒಡೆದರೆ ಅವರದ್ದೆಲ್ಲ ಜಳ್ಳಾಗುತ್ತದೆ.”

“ಆಗಲಿ. ಇಷ್ಟು ವರ್ಷ ಆಗಿಲ್ವಾ?”

“ಹಾಗೆ ಹೇಳಬೇಡ ಬಾಬ್. ನೀನು ಹೇಳುವ ಮಾತಲ್ಲ ಅದು.”

ಗಲಾಟೆ ಕೇಳಿ ಜನ ಸೇರಿದರು. ಕಾಕನೂ ಗದ್ದೆಯಿಂದ ಓಡಿ ಬಂದರು. ವಿಷಯ ತಿಳಿದಾಗ ಅವರ ಮುಖ ಬಿಳಿಚಿತು. “ಒಡೆಯಿರಿ ಪೊರ್ಬುಗಳೇ” ಎಂದರು. “ನನಗೆ ಅಂಗಡಿ ಉಂಟು. ಬಾಯಮ್ಮನಿಗೆ ಬೇರೆ ಎಂತ ಉಂಟು?”

ಅದು ನಿಜವಾದ ಮಾತು. ನಿಜವಾದ್ದರಿಂದಲೇ ಆಕಯ್‌ಗೆ ತಾಗಿತು ಎಂದು ನನಗೆ ಅನಿಸುತ್ತದೆ. “ಅಲ್ಲಿ ನಿಮ್ಮದೊಂದೇ ಗದ್ದೆಯಾ ಕಾಕ?” ಎಂದಳು. “ನಿಮ್ಮ ಕೆಳಗಿನವರಿಗೆ ಅಂಗಡಿ ಉಂಟಾ? ಒಡೆದ ಮೇಲೆ ನಾನು ಯಾವ ಮುಖ ಹೊತ್ತುಕೊಂಡು ಆ ದಾರಿಯಲ್ಲಿ ಹೋಗಲಿ?” ಅವಳ ಸೀರೆಯೆಲ್ಲ ಒದ್ದೆಯಾಗಿತ್ತು, ಕೆಮ್ಮುತ್ತಿದ್ದಳು. ಅಪ್ಪ ಪಿಕ್ಕಾಸು ಬಿಸಾಡಿ ದಂಡೆ ಹತ್ತಿ ಹೋದರು. ಒಡೆದ ಜಾಗಕ್ಕೆ ಮಾರನೆ ದಿನ ಕಾಕನೇ ಸಿಮೆಂಟು ಬಳಿದರು, ತಲೆ ತಗ್ಗಿಸಿಕೊಂಡು.

ಪ್ರಯತ್ನ ಮಾಡಲಿಲ್ಲ ಎಂದಲ್ಲ. ಅಪ್ಪ ಮೇಲಿನ ಬಾವಿಯಿಂದ ನೀರು ಹೊತ್ತರು. ಆ ಬಾವಿಯೇ ತಳ ಕಂಡಿತ್ತು. ಮಳೆ ಬಂದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಆಕಯ್ ಹೊಸ ಗೆಲ್ಲು ನೆಟ್ಟಳು. ಸಮಿತಿಯವರು ಒಟ್ಟಾಗಿ ಕಾಲುವೆಯ ನೀರಿನಲ್ಲಿ ಅವಳಿಗೊಂದು ಸರದಿ ಕೊಟ್ಟರು, ಒಬ್ಬರೂ ಬೇಡ ಎನ್ನಲಿಲ್ಲ. ಗಿಡ ಚಿಗುರಿತು. ಆದರೆ ಏಪ್ರಿಲಿಗೆ ತೋಡೇ ಬತ್ತುತ್ತದೆ. ಹಿಂದೆ ಮಳೆ ಬರುವವರೆಗಿನ ಆ ಎರಡು ತಿಂಗಳು ಅವಳ ಬಾವಿಯನ್ನು ಉಳಿಸಿದ್ದು ಚಳಿಗಾಲವಿಡೀ ಮರಳಿಗೆ ಇಳಿದ ನೀರು. ಅದು ಈಗ ಇರಲಿಲ್ಲ. ಎರಡನೇ ಬೇಸಿಗೆಯಲ್ಲಿ ಗಿಡಗಳು ಸಾಯುವಾಗ ಅವಳು ಒಂದು ಕೊಡ ನೀರೂ ಹಾಕಲಿಲ್ಲ. ಜಗಲಿಯಲ್ಲಿ ಕೂತು ನೋಡಿದಳು.

ಆ ಬೇಸಿಗೆಯ ಕೊಳಕೆ ಕೊಯ್ದ ಮೇಲೆ ಕಾಕ ಹೊಸ ಅಕ್ಕಿ ತಂದು ಕೊಟ್ಟರು. “ಬಾಯಮ್ಮನಿಗೆ” ಎಂದಷ್ಟೇ ಹೇಳಿ, ಕೂರದೆ ಹೋದರು. ಅಮ್ಮ ಅದರಲ್ಲಿ ಪಾಯಸ ಮಾಡಿದಳು. ಆಕಯ್ ಚೆನ್ನಾಗಿದೆ ಎಂದು ಹೇಳಿ ತಿಂದಳು. ಅಪ್ಪ ಮುಟ್ಟಲಿಲ್ಲ. ಅದಾದ ಮೇಲೆ ಅವಳು ಊಟಕ್ಕೆ ಕೂತಾಗ ಎರಡನೇ ಸಲ ಏನನ್ನೂ ಕೇಳುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಅಮ್ಮ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು.

ಆ ಮಳೆಗಾಲ ಮುಗಿಯುವ ಮೊದಲೇ ಅವಳು ಮಣಿಪಾಲಕ್ಕೆ ಹೋದಳು. ಅಲ್ಲಿ ಓದುವ ಹುಡುಗಿಯರ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಜನ ಬೇಕೆಂದು ಯಾರೋ ಹೇಳಿದ್ದರು. ಅಪ್ಪ ಬೇಡ ಎಂದರು, ಬೈದರು, ಕೊನೆಗೆ ಎರಡು ದಿನ ಮಾತು ಬಿಟ್ಟರು. ಅವಳು ಹೋಗುವ ಬೆಳಗ್ಗೆ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನವರೆಗೆ ಹೋದದ್ದೂ ಅವರೇ.

ನಂತರದ ವರ್ಷಗಳಲ್ಲಿ ನಮ್ಮ ಕಾಲುವೆ ಹೆಸರುವಾಸಿಯಾಯಿತು. ಕಲ್ಯಾಣಪುರದ ಕಡೆಯಿಂದ, ಹೆಜಮಾಡಿಯಿಂದ ಎಲ್ಲ ರೈತರು ನೋಡಲು ಬಂದರು. ಅಪ್ಪ ಎಲ್ಲರಿಗೂ ತೋರಿಸುತ್ತಿದ್ದರು, ಚೆನ್ನಾಗಿಯೇ ವಿವರಿಸುತ್ತಿದ್ದರು. ಬರಡು ಬಿದ್ದ ಮರಳು ಜಾಗದ ಹತ್ತಿರ ಬಂದಾಗ ಮಾತ್ರ ಅವರ ನಡಿಗೆ ಜೋರಾಗುತ್ತಿತ್ತು. ಬೈಲಿನಲ್ಲಿ ಮೂರು ಬೆಳೆ, ಕೊನೆಯ ಮನೆಯವರೂ ಸ್ವಂತ ಅಕ್ಕಿ ಉಣ್ಣುತ್ತಿದ್ದರು. ಅಪ್ಪ ಮಾಡಿದ್ದು ತಪ್ಪು ಎಂದು ನಾನು ಹೇಗೆ ಹೇಳಲಿ? ಹೇಳಲಾರೆ. ಅದಕ್ಕೇ ಈ ದುಃಖಕ್ಕೆ ಬೈಯಲು ಒಬ್ಬ ಮನುಷ್ಯನೂ ನನಗೆ ಸಿಗಲಿಲ್ಲ.

ಎಂಬತ್ತರ ದಶಕದ ನಡುವೆ ಆಕಯ್‌ಗೆ ಹುಷಾರಿಲ್ಲ ಎಂದು ಸುದ್ದಿ ಬಂತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, “ಇವತ್ತು ಕರೆದುಕೊಂಡೇ ಬರುವುದು, ಕೋಣೆ ಗುಡಿಸಿಡು” ಎಂದು ಅಮ್ಮನಿಗೆ ಹೇಳಿ ಹೊರಟರು. ನಾನೂ ಜೊತೆಗೆ ಹೋದೆ. ಹಾಸ್ಟೆಲಿನ ಹಿಂಬಾಗಿಲಿನ ಹತ್ತಿರ, ಮೆಟ್ಟಿಲ ಮೇಲೆ ಅವಳು ತರಕಾರಿ ಹೆಚ್ಚುತ್ತ ಕೂತಿದ್ದಳು. ಬಹಳ ಇಳಿದು ಹೋಗಿದ್ದಳು. ನಮ್ಮನ್ನು ಕಂಡು ನಕ್ಕಳು, ಚಾ ತರಿಸಿದಳು.

“ಸಾಕು ಬಾಯ್, ಮನೆಗೆ ಬಾ” ಎಂದರು ಅಪ್ಪ.

“ಅಲ್ಲಿ ನನಗೆ ಎಂತ ಕೆಲಸ ಉಂಟು ಬಾಬ್?”

ಕೋಪದಿಂದ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳುವವರ ಹಾಗೆ ಕೇಳಿದಳು, ಉತ್ತರ ಇದ್ದರೆ ಬರಲು ಸಿದ್ಧಳಿರುವವಳ ಹಾಗೆ. ಅಪ್ಪ “ನೀನು ಸುಮ್ಮನೆ ಇದ್ದರೆ ಸಾಕು” ಎಂದರು.

“ಸುಮ್ಮನೆ ಇರಲಿಕ್ಕೆ ನನಗೆ ಬರುವುದಿಲ್ಲ” ಎಂದು ಅವಳು ಮತ್ತೆ ಚೂರಿ ಎತ್ತಿಕೊಂಡಳು. ಒಳಗಿನಿಂದ ಯಾರೋ ಕರೆದರು. ಎದ್ದು ಹೋಗುವಾಗ ನನ್ನ ಕೆನ್ನೆ ಮುಟ್ಟಿದಳು. ಅವಳ ಕೈ ಈರುಳ್ಳಿ ವಾಸನೆ ಹೊಡೆಯುತ್ತಿತ್ತು.

ಉಡುಪಿಯಲ್ಲಿ ಕಾಪುವಿನ ಬಸ್ಸು ಹತ್ತಿದೆವು. ಕಂಡಕ್ಟರ್ ಬಂದಾಗ ಅಪ್ಪ ಮೂರು ಟಿಕೇಟು ಎಂದರು. ಅವನು ಹರಿದು ಕೊಟ್ಟು ಮುಂದೆ ಹೋದ. ನಾನು ಅಪ್ಪನ ಮುಖ ನೋಡಿದೆ, ಅವರು ನನ್ನನ್ನು ನೋಡಲಿಲ್ಲ. ನಮ್ಮ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಅವರು ಕಿಟಕಿಗೆ ಒತ್ತಿ ಕೂತಿದ್ದರು. ಬಸ್ಸು ತುಂಬಿತು. ಮಗು ಎತ್ತಿಕೊಂಡ ಒಬ್ಬ ಹೆಂಗಸು ಬಂದು, “ಇಲ್ಲಿ ಜನ ಉಂಟಾ?” ಎಂದು ಕೇಳಿದಳು.

“ಉಂಟು, ಬರುತ್ತಾರೆ” ಎಂದರು ಅಪ್ಪ.

ಬಸ್ಸು ಹೊರಟಿತು. ಹೆಂಗಸು ಕಂಬ ಹಿಡಿದು ನಿಂತೇ ಇದ್ದಳು, ಖಾಲಿ ಜಾಗವನ್ನೂ ಅಪ್ಪನನ್ನೂ ನೋಡುತ್ತ. ಅಪ್ಪ ಆ ಜಾಗದ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಕಟಪಾಡಿ ದಾಟಿದ ಮೇಲೆ ನಾನೇ ಆ ಕೈಯನ್ನು ಎತ್ತಿ ಅವರ ಮಡಿಲಲ್ಲಿಟ್ಟು, “ಕೂತುಕೊಳ್ಳಿ ಅಕ್ಕಾ” ಎಂದೆ. ಅಪ್ಪ ಕಿಟಕಿಯ ಕಡೆ ತಿರುಗಿ, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅತ್ತರು.